ಸಿಡಿಯುವುದು ಕೆಂಪು ದೈತ್ಯನಲ್ಲ

ಮಾನ್ಯ ಸಂಪಾದಕರೇ,

ಉತ್ತರ ಕಿರೀಟ ನಕ್ಷತ್ರಪುಂಜದ ‘ಟಿ ಕೊರೊನೆ ಬೊರಿಯಾಲಿಸ್’ ಬಗ್ಗೆ ಆಗಾಗ ಬರುವ ಸುದ್ದಿಗಳಲ್ಲಿ ‘ದೈತ್ಯ ನಕ್ಷತ್ರ ಸಿಡಿದು ನಾಶವಾಗಲಿದೆ’ ಎಂಬ ಒಕ್ಕಣೆ ಮತ್ತೆ ಮತ್ತೆ ಕಾಣಿಸುತ್ತಿದೆ. ಸಿಡಿಯುವುದು ದೈತ್ಯ ನಕ್ಷತ್ರವಲ್ಲ. ನಾಶವಾಗುವಂಥದ್ದೂ ಅಲ್ಲಿ ಏನಿಲ್ಲ.

ಅದೊಂದು ಜೋಡಿ ನಕ್ಷತ್ರ. ದೂರದರ್ಶಕದಲ್ಲಿ ನಮಗೆ ಕಾಣುವ ಬೆಳಕಿನ ಬಹುಪಾಲು ಕೆಂಪು ದೈತ್ಯನದು, ಅಂದರೆ ಮುಪ್ಪಿನಲ್ಲಿ ಉಬ್ಬಿದ ನಕ್ಷತ್ರದ್ದು. ಅದರ ಮೇಲ್ಮೈ ಉಷ್ಣತೆ ಸುಮಾರು 3,500 ಕೆಲ್ವಿನ್, ಅಂದರೆ ಸೂರ್ಯನದಕ್ಕಿಂತ ಎರಡು ಸಾವಿರಕ್ಕೂ ಹೆಚ್ಚು ಡಿಗ್ರಿಯಷ್ಟು ಕಡಿಮೆ. ಗಾತ್ರ ಹಿರಿದಾದರೂ ಅದು ಸುಮಾರು 3,000 ಜ್ಯೋತಿರ್ವರ್ಷಗಳಾಚೆ ಇರುವುದರಿಂದ ಕಾಂತಿಮಾನ (ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು) 10ರ ಆಸುಪಾಸಿನಲ್ಲಿದೆ. ಬರಿಗಣ್ಣಿಗೆ ಕಷ್ಟಪಟ್ಟು ಕಾಣುವ ನಕ್ಷತ್ರಕ್ಕಿಂತಲೂ ಸುಮಾರು 40 ಪಟ್ಟು ಮಂಕು. ಅದರ ಸಂಗಾತಿ ಗಾತ್ರದಲ್ಲಿ ಭೂಮಿಯಷ್ಟಿದ್ದು ತೂಕದಲ್ಲಿ ಸೂರ್ಯನನ್ನೂ ಮೀರಿಸುವ ಶ್ವೇತ ಕುಬ್ಜ, ಅಂದರೆ ಇಂಧನ ಮುಗಿದ ನಕ್ಷತ್ರದ ಉಳಿದ ತಿರುಳು. ಎರಡೂ ಒಂದನ್ನೊಂದು ಸುತ್ತುತ್ತವೆ; ಸುಮಾರು 227 ದಿನಗಳಿಗೊಂದು ಸುತ್ತು. ಕುಬ್ಜನ ಸೆಳೆತಕ್ಕೆ ಸಿಕ್ಕಿದ ದೈತ್ಯ ಗುಂಡಗೆ ಉಳಿಯದೆ ಕೋಳಿಮೊಟ್ಟೆಯಂತೆ ಒಂದು ಕಡೆಗೆ ಚಾಚಿಕೊಂಡಿದ್ದು, ಅದರ ಮಗ್ಗುಲು ನಮ್ಮತ್ತ ಇರುವಾಗ ತುಸು ಪ್ರಕಾಶ, ತುದಿ ನಮ್ಮತ್ತ ಇರುವಾಗ ತುಸು ಮಂಕಾಗಿ, ಒಂದು ಸುತ್ತಿನಲ್ಲಿ ಎರಡು ಸಲ ಬೆಳಕು ಏರಿಳಿಯುತ್ತದೆ. ಚುಕ್ಕಿಯಾಗಿ ಮಾತ್ರ ಕಾಣುವ ವಸ್ತುವಿನ ಆಕಾರವನ್ನು ಬರೀ ಬೆಳಕಿನ ಲೆಕ್ಕದಿಂದ ಹೇಳಲು ಸಾಧ್ಯವಾಗಿರುವುದು, ನನ್ನ ಮಟ್ಟಿಗೆ, ಸ್ಫೋಟಕ್ಕಿಂತ ದೊಡ್ಡ ಸುದ್ದಿ.

ದೈತ್ಯನಿಂದ ಹರಿದುಬರುವ ಹೈಡ್ರೋಜನ್ ಕುಬ್ಜನ ಮೇಲೆ ಶೇಖರವಾಗುತ್ತ ಹೋಗಿ, ಒತ್ತಡ ಮತ್ತು ಶಾಖ ಮಿತಿಮೀರಿದಾಗ ಆ ಪದರವಷ್ಟೇ ಸಿಡಿಯುತ್ತದೆ. 1866ರ ಮೇ ಹಾಗೂ 1946ರ ಫೆಬ್ರುವರಿಯಲ್ಲಿ ಹೀಗಾಗಿತ್ತು. ಎರಡು ಸಲವೂ ಜೋಡಿಗೆ ಏನೂ ಆಗಲಿಲ್ಲ. ಹಿಂದಿನ ಸ್ಫೋಟಕ್ಕೆ ಮುನ್ನ 1945ರಲ್ಲಿ ಮಂಕಾದಂತೆಯೇ ಈ ಜೋಡಿ 2023ರಲ್ಲೂ ಮಂಕಾದುದನ್ನು ಗಮನಿಸಿದ ಖಗೋಳಜ್ಞರು 2024ರ ಸುಮಾರಿಗೆ ಮತ್ತೊಂದು ಸ್ಫೋಟವನ್ನು ಅಂದಾಜಿಸಿದ್ದರು. ಆ ವರ್ಷ ಸುಮ್ಮನೆ ಕಳೆಯಿತು. ಆದ್ದರಿಂದ ದಿನಾಂಕ ನಿಗದಿಪಡಿಸಿ ಬರೆಯುವುದು ತರವಲ್ಲ. ರಾತ್ರಿ ಹಗಲಾಗುತ್ತದೆ ಎಂದು ಮೊಬೈಲುಗಳಲ್ಲಿ ಹರಿದಾಡುವ ವಿಡಿಯೊಗಳಂತೂ ಶುದ್ಧ ಸುಳ್ಳು: ಹೆಚ್ಚೆಂದರೆ ಧ್ರುವ ನಕ್ಷತ್ರದಷ್ಟು ಬೆಳಕು, ಅದೂ ಬರಿಗಣ್ಣಿಗೆ ಕೆಲವೇ ದಿನ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ತೊಡಕಿದೆ. ಈ ಪುಂಜ ಸಂಜೆಯಲ್ಲೇ ಎತ್ತರದಲ್ಲಿರುವ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳಲ್ಲಿ ಕಾರವಾರದಿಂದ ಭಟ್ಕಳದವರೆಗೆ ಮೋಡ ಸರಿಯುವುದೇ ಅಪರೂಪ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರಗಳ ಪಾಡೂ ಅದೇ. ಮಳೆ ಹಿಡಿಯುವ ಮೊದಲು, ಏಪ್ರಿಲ್–ಮೇ ತಿಂಗಳಲ್ಲಿ, ರಾತ್ರಿ ಹತ್ತರ ಹೊತ್ತಿಗೆ ಘಟ್ಟದ ಕಡೆಯ ಈಶಾನ್ಯ ಆಕಾಶದಲ್ಲಿ, ಮಳೆಯ ಹೆಸರಾಗಿ ನಮ್ಮ ರೈತರೆಲ್ಲರಿಗೂ ಗೊತ್ತಿರುವ ಸ್ವಾತಿಗೂ ಅಭಿಜಿತ್‌ಗೂ ನಡುವೆ, ಸ್ವಾತಿಗೆ ಹತ್ತಿರವಾಗಿ, ಅರ್ಧವೃತ್ತದಂತೆ ಕಾಣುವ ಈ ಪುಂಜವನ್ನು ಗುರುತಿಸಬಹುದು. ಇರುವ ನಕ್ಷತ್ರಗಳ ಪರಿಚಯವಿಲ್ಲದವರಿಗೆ ಹೊಸದಾಗಿ ಬಂದದ್ದು ಯಾವುದೆಂದು ತಿಳಿಯುವ ಬಗೆಯಿಲ್ಲ. ಆದಕಾರಣ ತಾವು ಮಾರ್ಚ್ ಕೊನೆಯ ಹೊತ್ತಿಗೆ ಈ ಪುಂಜದ ಚಿಕ್ಕ ನಕಾಶೆಯೊಂದನ್ನು, ಅರ್ಧವೃತ್ತದ ಪೂರ್ವದ ಅಂಚಿನ ಹೊರಗೆ ಈ ನಕ್ಷತ್ರದ ಜಾಗವನ್ನು ಗುರುತಿಸಿ, ಜಿಲ್ಲಾ ಪುಟದಲ್ಲಿ ಪ್ರಕಟಿಸಬೇಕೆಂದು ವಿನಂತಿ.

– ಓದುಗ, ಕಾರವಾರ