ಗೆಸ್ಟ್ ಲೆಕ್ಚರ್ ಬೋರು ಅಂದ ಚಿನ್ನುಗೆ

ಚಿನ್ನು,

ನಿನ್ನ ಮೆಸೇಜ್ ಮೊನ್ನೆನೇ ಓದಿದೆ. ಫೋನಲ್ಲಿ ಹೇಳಿದ್ರೆ "ಹೂಂ ದೊಡ್ಡಮ್ಮ, ಸರಿ ದೊಡ್ಡಮ್ಮ" ಅಂತ ಇನ್ನೇನೋ ನೋಡ್ಕೊಂಡು ಕೂತಿರ್ತೀಯ ಅಂತ ಗೊತ್ತು, ಅದಕ್ಕೇ ಉದ್ದಕ್ಕೆ ಟೈಪ್ ಮಾಡ್ತಿದೀನಿ, ಕನ್ನಡಕ ಬೇರೆ ಬದಲಾಯಿಸ್ಬೇಕು, ತಪ್ಪಿದ್ರೆ ಹೊಂದಿಸ್ಕೊಂಡು ಓದ್ಕೋ. ನಿಮ್ಮ ಆರ್ಟ್ ಕಾಲೇಜಿಗೆ ಹದಿನೈದು ದಿನಕ್ಕೊಬ್ರು ಆರ್ಟಿಸ್ಟೋ ಸ್ಕಾಲರ್ರೋ ಬರ್ತಾರೆ, ಎರಡು ಗಂಟೆ ಸ್ಲೈಡ್ ತೋರಿಸ್ತಾರೆ, ಅಟೆಂಡೆನ್ಸ್ ಇದೆ ಅಂತ ಹೋಗಿ ಕೂತ್ಕೋತೀವಿ, ಅರ್ಧ ಅರ್ಥನೇ ಆಗಲ್ಲ, ಆ ಹೊತ್ತಲ್ಲಿ ಸ್ಟುಡಿಯೋದಲ್ಲಿ ಇದ್ದಿದ್ರೆ ಒಂದು ಕ್ಯಾನ್ವಾಸ್ ಆದ್ರೂ ಮುಗೀತಿತ್ತು ಅಂದಿದೀಯ.

ಬೋರ್ ಆಗತ್ತೆ ಅನ್ನೋದು ಸುಳ್ಳಲ್ಲ ಕಣೇ. ನಾನೂ ಎಷ್ಟೋ ಸಲ ತೂಕಡಿಸಿದೀನಿ. ಸೊಗಸಾಗಿ ಚಿತ್ರ ಬರೆಯೋ ಎಷ್ಟೋ ಜನಕ್ಕೆ ಮೈಕ್ ಕೊಟ್ರೆ ನಾಲಿಗೆ ಒಣಗೋಗತ್ತೆ, ಇನ್ನು ಕೆಲವರಿಗೆ ಮಾತು ಬಿಟ್ರೆ ಬೇರೇನೂ ಬರಲ್ಲ. ಆದ್ರೆ ನೀನು ಅಲ್ಲಿಗೆ ಬರೀ ಕಿವಿ ತಗೊಂಡ್ ಹೋಗ್ತಿದೀಯ, ಅಲ್ಲೇ ಎಡವಟ್ಟಾಗಿರೋದು.

ಒಂದು ಹಳೇ ಕಥೆ ಹೇಳ್ತೀನಿ, ನಿಮ್ಮ ಆರ್ಟ್ ಹಿಸ್ಟರಿ ಕ್ಲಾಸಲ್ಲಿ ಬಂದಿರ್ಬೋದು, ಆದ್ರೂ ಕೇಳು. 1903ರಲ್ಲಿ ಜಪಾನಿಂದ ಯೊಕೊಯಾಮಾ ತೈಕಾನ್, ಹಿಶಿದಾ ಶುನ್ಸೊ ಅಂತ ಇಬ್ರು ಕಲಾವಿದರು ಕಲ್ಕತ್ತಾಗೆ ಬಂದ್ರು. ರವೀಂದ್ರನಾಥ ಠಾಕೂರರ ಮನೆತನದ ಬಳಗದ ಜೊತೆ ಒಡನಾಟ. ತೈಕಾನ್ ಚಿತ್ರ ಬರೆಯೋವಾಗ ಮಧ್ಯೆ ಮಧ್ಯೆ ನೀರಿನ ಬ್ರಷ್ ಆಡಿಸಿ ಕಾಗದಾನ ಒದ್ದೆ ಮಾಡ್ಕೊಳ್ತಿದ್ದಿದ್ದನ್ನ ಅದೇ ಮನೆತನದ ಚಿತ್ರಕಾರ ಅವನೀಂದ್ರನಾಥ ಠಾಕೂರರು ನೋಡಿದ್ರು. ನೋಡಿ ಸುಮ್ನೆ ಅದನ್ನೇ ಕಾಪಿ ಹೊಡೀಲಿಲ್ಲ, ಇಡೀ ಚಿತ್ರಾನೇ ನೀರಲ್ಲಿ ಮುಳುಗಿಸಿಬಿಟ್ರು! ಬಣ್ಣ ಎಲ್ಲ ಕಾಗದದೊಳಗೆ ಇಳಿದು ಮಂಜು ಕವಿದ ಹಾಗೆ ಆಯ್ತು, ಮತ್ತೆ ಮೇಲೆ ಬಣ್ಣ, ಮತ್ತೆ ನೀರು. ನೀನು ಎಕ್ಸಾಮಲ್ಲಿ ಬಂಗಾಳ ಶೈಲಿಯ ವಾಶ್ ಟೆಕ್ನಿಕ್ ಅಂತ ಐದು ಮಾರ್ಕ್ಸಿಗೆ ಬರೀತೀಯಲ್ಲ ಅದು ಇದೇ. ಬಂದ ಅತಿಥಿ ಕೈ ಏನ್ ಮಾಡ್ತಿದೆ ಅಂತ ಒಬ್ರು ಕಣ್ಣಿಟ್ಟು ನೋಡಿದ್ದಕ್ಕೆ ಹುಟ್ಟಿದ್ದು ಅದು, ಯಾವ ಭಾಷಣದಿಂದಾನೂ ಅಲ್ಲ. ಆಮೇಲೆ 1909ರಲ್ಲಿ ನಮ್ಮ ಕೆ. ವೆಂಕಟಪ್ಪನವರು ಮೈಸೂರು ಅರಮನೆ ಸಹಾಯದಿಂದ ಕಲ್ಕತ್ತಾಗೆ ಹೋಗಿ ಅದೇ ಅವನೀಂದ್ರನಾಥರ ಕೈಕೆಳಗೆ ಕಲಿತ್ರು, ನಂದಲಾಲ್ ಬೋಸ್ ಎಲ್ಲ ಅದೇ ಗುರುಗಳ ಶಿಷ್ಯರು. ಕಸ್ತೂರ್ಬಾ ರೋಡಿನ ವೆಂಕಟಪ್ಪ ಆರ್ಟ್ ಗ್ಯಾಲರಿ ನಿನ್ನ ಹಾಸ್ಟೆಲಿಂದ ಒಂದು ಬಸ್ಸು ಅಷ್ಟೇ. ತೆಗೆದಿದ್ಯಾ ಅಂತ ಕೇಳ್ಕೊಂಡು ಒಂದ್ಸಲ ಹೋಗ್ಬಾ, ಅವರ ವಾಟರ್ ಕಲರ್ ಹತ್ರ ನಿಂತು ನೋಡು.

ಇನ್ನು ನನ್ನ ಮಾನ ಹೋದ ಕಥೆ. ಇದನ್ನ ನಿಮ್ಮಮ್ಮನಿಗೂ ಹೇಳಿಲ್ಲ. ನಾನು ಓದ್ತಿದ್ದಾಗ ಹೊರಗಿಂದ, ಲೋಹದ ಪ್ಲೇಟಲ್ಲಿ ಚಿತ್ರ ಕೊರೆದು ಅಚ್ಚು ತೆಗೆಯೋ ಒಬ್ರು ಪ್ರಿಂಟ್‌ಮೇಕರ್ ಬಂದಿದ್ರು. ಲೆಕ್ಚರ್ ಮುಗಿದ ಮೇಲೆ ಪ್ರಶ್ನೆ ಕೇಳಿ ಅಂದ್ರು, ನಾನು ಹಿಂದಿನ ರಾತ್ರಿ ಲೈಬ್ರರಿ ಪುಸ್ತಕದಿಂದ ನಾಲ್ಕು ದೊಡ್ಡ ದೊಡ್ಡ ಪದ ಹೆಕ್ಕಿಟ್ಕೊಂಡಿದ್ದೆ, ಎದ್ದು ನಿಂತು ಎಲ್ಲಾನೂ ಒಂದೇ ವಾಕ್ಯಕ್ಕೆ ತುರುಕಿ ಕೇಳ್ದೆ. ಅವರು ಪಾಪ ಪೂರ್ತಿ ಕೇಳಿಸ್ಕೊಂಡು, "ಚೆನ್ನಾಗಿದೆಯಮ್ಮ, ನೀನು ಈಗ ಯಾವ ಪ್ಲೇಟ್ ಮೇಲೆ ಕೆಲಸ ಮಾಡ್ತಿದೀಯ?" ಅಂದ್ರು. ನಾನು ಎರಡು ತಿಂಗಳಿಂದ ಪ್ಲೇಟ್ ಮುಟ್ಟೇ ಇರ್ಲಿಲ್ಲ. ಹಾಲಲ್ಲಿ ಎಲ್ರೂ ನನ್ನನ್ನೇ ನೋಡ್ತಿದ್ರು ಅನ್ನಿಸ್ತು.

ನಮ್ಮ ಕ್ಲಾಸಲ್ಲಿ ಹಾಸನದ ಕಡೆ ಹುಡುಗ ಒಬ್ಬ ಇದ್ದ, ಬಾಯೇ ಬಿಡ್ತಿರ್ಲಿಲ್ಲ. ಅವನು ಆವತ್ತು ಹಾಳಾಗಿದ್ದ ಒಂದು ಜಿಂಕ್ ಪ್ಲೇಟನ್ನ ನ್ಯೂಸ್ ಪೇಪರಲ್ಲಿ ಸುತ್ಕೊಂಡು ಬಂದಿದ್ದ. ಕ್ಯಾಂಟೀನ್ ಹತ್ರ ಅವರು ಟೀ ಕುಡೀತಿದ್ದಾಗ ಹೋಗಿ, "ಸಾರ್, ಆಸಿಡ್‌ಗೆ ಹಾಕಿದ ತಕ್ಷಣ ಆಸಿಡ್ ತಾಗದ ಹಾಗೆ ಬಳಿದಿರೋ ಗ್ರೌಂಡ್ ಕಿತ್ಕೊಂಡು ಬರತ್ತೆ, ಗೆರೆ ಇಲ್ಲದ ಕಡೆನೂ ಆಸಿಡ್ ತಿಂದ್ಬಿಡತ್ತೆ" ಅಂತ ತೋರಿಸಿದ. ಅವರು ಟೀ ಲೋಟ ಕೆಳಗಿಟ್ಟು ಪ್ಲೇಟನ್ನ ಬಿಸಿಲಿಗೆ ಓರೆ ಹಿಡಿದು ನೋಡಿ, ಜಿಡ್ಡು ಹೋಗಿಲ್ಲಪ್ಪ ಇದರಲ್ಲಿ ಅಂದ್ರು. ಸೀಮೆಸುಣ್ಣದ ಪುಡಿ ಹಾಕಿ ಉಜ್ಜು, ತೊಳೆದ ಮೇಲೆ ನೀರು ಹನಿ ಹನಿಯಾಗಿ ಒಡೆದು ನಿಂತ್ರೆ ಇನ್ನೂ ಜಿಡ್ಡಿದೆ ಅಂತ, ತೆಳ್ಳಗೆ ಪೊರೆ ಥರ ಇಡೀ ಪ್ಲೇಟ್ ಮೇಲೆ ಹರಡಿ ನಿಂತ್ರೆ ಆವಾಗ ಗ್ರೌಂಡ್ ಹಾಕು, ಆಮೇಲೆ ಬೆರಳು ತಾಗಿಸ್ಬೇಡ. ಐದೇ ನಿಮಿಷ. ಅವನ ಪ್ಲೇಟ್ ಆಮೇಲೆ ಕೆಡ್ಲೇ ಇಲ್ಲ, ನಾವೆಲ್ಲ ಅವನತ್ರನೇ ಹೋಗಿ ಕಲಿತ್ವಿ. ಆ ಎರಡು ಗಂಟೆ ಲೆಕ್ಚರಲ್ಲಿ ಏನಿತ್ತು ಅಂತ ನಂಗೀಗ ಒಂದಕ್ಷರ ನೆನಪಿಲ್ಲ, ಸೀಮೆಸುಣ್ಣ ಮಾತ್ರ ನೆನಪಿದೆ.

ಅದಕ್ಕೇ ಹೇಳೋದು, ಕೆಟ್ಟಿರೋದನ್ನ ತಗೊಂಡ್ ಹೋಗು. ಚೆನ್ನಾಗಿರೋದನ್ನ ತೋರಿಸಿದ್ರೆ "ಗುಡ್, ಕೀಪ್ ಇಟ್ ಅಪ್" ಅಂತಾರೆ ಅಷ್ಟೇ, ಪಾಪ ಅವರಿಗೂ ಸುಸ್ತಾಗಿರತ್ತೆ.

ಮತ್ತೆ ಬರೋರ ಕೆಲಸಕ್ಕೆ ನೀನೇ ಮುಂದೆ ಹೋಗು. ಪ್ರೊಜೆಕ್ಟರ್ ವೈರ್ ಜೋಡಿಸೋದು, ನೀರಿನ ಬಾಟ್ಲಿ ಇಡೋದು, ಆಟೋ ಹತ್ತಿಸೋದು, ಇದನ್ನೆಲ್ಲ ನಿಮ್ಮ ಕ್ಲಾಸಲ್ಲಿ ಯಾರೂ ಮಾಡಲ್ಲ ಅಂದಿದ್ಯಲ್ಲ, ಅಯ್ಯೋ ಪೆದ್ದಿ, ಮೈಕ್ ಮುಂದೆ ಬರದೇ ಇರೋ ಮಾತೆಲ್ಲ ಬರೋದು ಆಟೋಗೆ ಕಾಯೋವಾಗಲೇ. ಆದ್ರೆ ಒಂದು, ಇದನ್ನ ನಿಮ್ಮಮ್ಮ ಹೇಳಲ್ಲ ನಾನ್ ಹೇಳ್ತೀನಿ: ಯಾರಾದ್ರೂ ಪೋರ್ಟ್‌ಫೋಲಿಯೋ ನೋಡ್ತೀನಿ ಹೋಟೆಲ್ ರೂಮಿಗೆ ಬಾ ಅಂದ್ರೆ, "ಕ್ಯಾಂಟೀನಲ್ಲೇ ನೋಡಿ ಸಾರ್, ಫ್ರೆಂಡ್ಸ್ ಕೂಡ ಇದಾರೆ" ಅನ್ನು. ಎಷ್ಟೇ ದೊಡ್ಡ ಹೆಸರಾಗಿರ್ಲಿ. ಅದಕ್ಕೆ ಮುಖ ಸಿಂಡರಿಸಿದ್ರೆ ಅವರು ನೋಡೋದೇ ಬೇಡ.

ಇನ್ನೊಂದು ವಿಷ್ಯ. ಲ್ಯಾಪ್‌ಟಾಪ್ ತಂದೋರು ಮಾತ್ರ ಗೆಸ್ಟು ಅನ್ಕೋಬೇಡ. ನಮ್ಮ ಕಾಲದಲ್ಲಿ ಒಂದ್ಸಲ ತೊಗಲುಗೊಂಬೆ ಮಾಡೋ ವಯಸ್ಸಾದವರೊಬ್ರು ಗೋಣಿಚೀಲದಲ್ಲಿ ಗೊಂಬೆ ತುಂಬ್ಕೊಂಡು ಬಂದಿದ್ರು. ಹಾಲ್ ಯಾರೋ ಬುಕ್ ಮಾಡಿದ್ರು ಅಂತ ಕಾರಿಡಾರಲ್ಲಿ ಪಂಚೆ ಹಾಸಿ ಕೂರಿಸಿದ್ರು. ಆಡಿನ ಚರ್ಮಾನ ಬೆಳಕು ಹಾಯೋ ಅಷ್ಟು ತೆಳ್ಳಗೆ ಹೆರೆಯೋದು, ಉಳಿಯಲ್ಲಿ ತೂತು ಹೊಡೆದು ಒಡವೆ ಮಾಡೋದು, ಎರಡೂ ಕಡೆ ಬಣ್ಣ ಹಾಕೋದು, ಎಲ್ಲ ಮಾಡಿ ತೋರಿಸ್ತಿದ್ರು. ನಾವು ಹತ್ತು ನಿಮಿಷ ನಿಂತು, ಟೀ ಆಯ್ತು, ಹೊರಟ್ವಿ. ಸರ್ಟಿಫಿಕೇಟ್ ಇಲ್ವಲ್ಲ ಅದಕ್ಕೆ! ಇಪ್ಪತ್ತು ವರ್ಷ ಆದ್ಮೇಲೆ ನಮ್ಮ ಹೈಸ್ಕೂಲ್ ಮಕ್ಕಳು "ಮಿಸ್, ತೊಗಲುಗೊಂಬೆ ಹೆಂಗೆ ಮಾಡೋದು" ಅಂತ ಕೇಳಿದಾಗ ನಾನು ಡ್ರಾಯಿಂಗ್ ಶೀಟ್ ಕತ್ತರಿಸಿ ಎಣ್ಣೆ ಸವರಿ ಏನೋ ಒಂದು ಮಾಡಿಸ್ದೆ, ಆ ಹಿರಿಯರ ಬೆರಳು ಉಳಿಯನ್ನ ಹೆಂಗ್ ಹಿಡಿದಿತ್ತು ಅಂತ ಎಷ್ಟು ಯೋಚ್ನೆ ಮಾಡಿದ್ರೂ ನೆನಪಾಗ್ಲಿಲ್ಲ. ನಂದಲಾಲ್ ಬೋಸ್ ನೋಡು, ತಾವು ನಡೆಸ್ತಿದ್ದ ಶಾಂತಿನಿಕೇತನದ ಕಲಾಶಾಲೆ ಕಲಾಭವನಕ್ಕೆ ಸುಣ್ಣದ ಗಾರೆ ಮೇಲೆ ಚಿತ್ರ ಬರೆಯೋದು ಕಲಿಸ್ಲಿ ಅಂತ ಜೈಪುರದಿಂದ ನರಸಿಂಗ್ ಲಾಲ್ ಅನ್ನೋ ಮೇಸ್ತ್ರೀನೇ ಕರೆಸಿದ್ರು. ಅದೇ ಕಲಾಭವನಕ್ಕೆ ಸ್ಟೆಲ್ಲಾ ಕ್ರಾಮ್ರಿಶ್ ಕೂಡ ಬಂದಿದ್ರು, 1920ರ ದಶಕದ ಶುರುವಲ್ಲಿ. ವಿಯೆನ್ನಾದಲ್ಲಿ ಓದಿದ ವಿದ್ವಾಂಸೆ, ಆಗಿನ್ನೂ ಇಪ್ಪತ್ತೈದರ ಆಸುಪಾಸು, ಯುರೋಪಿನ ಮಧ್ಯಯುಗದ ಗಾಥಿಕ್ ಕಾಲದಿಂದ ದಾದಾ ಅನ್ನೋ ಆಗಿನ ಹೊಸ ಕಲಾ ಚಳವಳಿವರೆಗೂ ಲೆಕ್ಚರ್ ಕೊಟ್ರು. ವಿದ್ವಾಂಸೆನೂ ಬೇಕು, ಮೇಸ್ತ್ರೀನೂ ಬೇಕು ಅಂತ ಆ ಜಾಗಕ್ಕೆ ಗೊತ್ತಿತ್ತು.

ಇನ್ನು ನೀನು ಕೇಳಿದ್ಯಲ್ಲ, ಒಬ್ರು ಬಂದು ಇನ್‌ಸ್ಟಾಲೇಶನ್ ಮಾಡು, ಜಾಗ ತುಂಬ ವಸ್ತು ಜೋಡಿಸಿ ಕೃತಿ ಕಟ್ಟು ಅಂದ್ರು, ಇನ್ನೊಬ್ರು ಪೇಂಟಿಂಗ್ ಬಿಡ್ಬೇಡ ಅಂದ್ರು, ಯಾರ ಮಾತು ಕೇಳ್ಲಿ ಅಂತ. ಇಬ್ರ ಮಾತೂ ಕೇಳು, ಇಬ್ರೂ ನಾಳೆ ಟ್ರೇನ್ ಹತ್ತಿ ಹೋಗ್ತಾರೆ, ಕೆಲಸ ಮಾಡೋಳು ನೀನು. ಅದೇ ಕಲಾಭವನದ ಶಿಲ್ಪಿ ರಾಮಕಿಂಕರ್ ಬೈಜ್‌ಗೆ ಮಾರ್ಗರೀಟ್ ಮಿಲ್ವರ್ಡ್ ಅಂತ ಇಂಗ್ಲೆಂಡಿನ ಶಿಲ್ಪಿ ಬಂದು ಹೇಳ್ಕೊಟ್ಟಿದ್ರು, ಅವರು ಪ್ಯಾರಿಸಿನ ಶಿಲ್ಪಿ ಬೂರ್ದೆಲ್ ಶಿಷ್ಯೆ. ಕಲಿತ ಮೇಲೆ ಅವನು ಬೂರ್ದೆಲ್ ಥರ ಮಾಡ್ಕೊಂಡು ಕೂತ್ನಾ? 1938ರಲ್ಲಿ ಸಿಮೆಂಟು, ಅಲ್ಲಿನ ಕೆಂಪು ಮುರಕಲ್ಲಿನ ಜಲ್ಲಿ ಕಲಸಿ "ಸಂತಾಲ್ ಕುಟುಂಬ" ಅನ್ನೋ ಶಿಲ್ಪ ಮಾಡ್ದ, ಸಂತಾಲ್ ಆದಿವಾಸಿ ಗಂಡ ಹೆಂಡ್ತಿ ಕಾವಡಿಯಲ್ಲಿ ಮಗು ಹೊತ್ಕೊಂಡು ಹೊರಟಿರೋದು, ಜೊತೆಗೊಂದು ನಾಯಿ. ಇವತ್ತಿಗೂ ಕಲಾಭವನದ ಆವರಣದಲ್ಲಿ ನಿಂತಿದೆ. ನಂಗೊಂದ್ಸಲ ಅದನ್ನ ನೋಡ್ಬೇಕು ಅಂತ ಆಸೆ, ನಿಂಗೆ ರಜಾ ಸಿಕ್ಕಿದ್ರೆ ಇಬ್ರೂ ಹೋಗೋಣ, ಮಂಡಿ ನೋವು ಇದ್ರೂ ಟ್ರೇನಲ್ಲಿ ಲೋಯರ್ ಬರ್ತ್ ಸಿಗತ್ತೆ ನಂಗೆ.

ಗುರುವಾರ ಬರೋರು ಯಾರು ಅಂತ ನೀನು ಹೇಳ್ಲೇ ಇಲ್ಲ. ಯಾರೇ ಆಗ್ಲಿ, ಹಿಂದಿನ ರಾತ್ರಿ ಅವರ ಮೂರು ಕೆಲಸ ನೋಡಿಟ್ಕೋ, ಮುಂದಿನ ಸಾಲಲ್ಲಿ ಕೂತ್ಕೋ. ಆ ಹಸಿರು ಕೊಚ್ಚೆ ಆಗಿಹೋಯ್ತು ಅಂತ ಫೋಟೋ ಕಳ್ಸಿದ್ಯಲ್ಲ, ಮಂಚದ ಕೆಳಗೆ ತಳ್ಳಿದೀನಿ ಅಂದಿದ್ದು, ಆ ಕ್ಯಾನ್ವಾಸನ್ನ ಧೂಳು ಒರೆಸಿ ತಗೊಂಡ್ ಹೋಗು. ಏನಂದ್ರು ಅಂತ ರಾತ್ರಿ ಮೆಸೇಜ್ ಹಾಕು, ನಾನು ಹತ್ತೂವರೆವರೆಗೂ ಎದ್ದಿರ್ತೀನಿ.

ಭಾನುವಾರ ನಿಮ್ಮಪ್ಪ ಬರ್ತಾರಂತೆ, ಅವರ ಕೈಯಲ್ಲಿ ಕೋಡುಬಳೆ ಕಳಿಸ್ತಿದೀನಿ, ರೂಮ್‌ಮೇಟ್‌ಗೂ ಕೊಡು.

ನಿನ್ನ
ದೊಡ್ಡಮ್ಮ