ಕಾಡಿನ ಕೆಂಪು ಎಲ್ಲಿ ಹೋಯಿತು: ನಮ್ಮ ಗ್ರಾಹಕರಿಗೆ ಒಂದು ಪತ್ರ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳಿನಿಂದ ವೈಮಾನಿಕ ವಿಚಕ್ಷಣಾ ಚಿತ್ರಗಳ ಬಣ್ಣದ ಪ್ರಿಂಟುಗಳನ್ನು ನಾವು ರಾಸಾಯನಿಕ ತೊಟ್ಟಿಯಲ್ಲಿ ತೊಳೆಯುವುದಿಲ್ಲ. ಅವು ಪಿಗ್ಮೆಂಟ್ ಶಾಯಿಯ ಇಂಕ್‌ಜೆಟ್ ಯಂತ್ರದಿಂದ ಬರುತ್ತವೆ. ಕಪ್ಪು ಬಿಳುಪು ಪ್ರಿಂಟುಗಳಲ್ಲಿ ಯಾವ ಬದಲಾವಣೆಯೂ ಇಲ್ಲ. ಈ ಸುದ್ದಿಯನ್ನು ಮೊದಲು ನಾವೇ ತಿಳಿಸಬೇಕಿತ್ತು. ಪ್ರಯೋಗದ ಪ್ರಿಂಟುಗಳು ಕೈಸೇರಿದ ಮೇಲೆ ನೀವೇ ಪತ್ತೆ ಹಚ್ಚುವಂತಾಯಿತು. ಕ್ಷಮೆ ಕೋರುತ್ತೇವೆ.

ಇನ್ನೊಂದು ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇವೆ. ಎರಡನೆಯ ಕಂತಿನ ಪ್ರಿಂಟುಗಳಲ್ಲಿ, ಇನ್‌ಫ್ರಾರೆಡ್ ಫಿಲ್ಮಿನ ಚಿತ್ರಗಳಲ್ಲಿ ಕೆಂಪಾಗಿ ಕಾಣಬೇಕಾದ ತೋಪುಗಳೆಲ್ಲ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು. ಚಿತ್ರದ ಬಣ್ಣವನ್ನು ಯಂತ್ರಕ್ಕೂ ಹಾಳೆಗೂ ಹೊಂದಿಸುವ ಬಣ್ಣದ ಪ್ರೊಫೈಲ್ ಎರಡು ಸಲ ಅನ್ವಯವಾಗಿತ್ತು, ತಂತ್ರಾಂಶದಲ್ಲಿ ಒಮ್ಮೆ, ಯಂತ್ರದ ಡ್ರೈವರಿನಲ್ಲಿ ಇನ್ನೊಮ್ಮೆ. ಒಂದೇ ಅಡುಗೆಗೆ ಇಬ್ಬರು ಉಪ್ಪು ಹಾಕಿದ ಹಾಗೆ. ಆ ಕಂತಿನ ಪ್ರಿಂಟುಗಳನ್ನು ಹಿಂದಿರುಗಿಸಿದವರಿಗೆಲ್ಲ ಹೊಸದು ಕೊಟ್ಟಿದ್ದೇವೆ. ಇಟ್ಟುಕೊಂಡಿರುವವರು ದಯವಿಟ್ಟು ಅದರ ಮೇಲೆ ಯಾವ ತೀರ್ಮಾನಕ್ಕೂ ಬರಬೇಡಿ.

ಈಗ ಕೆಂಪಿನ ವಿಷಯ. ಫೋನಿನಲ್ಲಿ, ಪತ್ರದಲ್ಲಿ, ಪೊಟ್ಟಣ ಬಿಚ್ಚುತ್ತಲೇ ಕೌಂಟರಿನೆದುರು, ಎಲ್ಲ ಕಡೆಯೂ ಕೇಳಿದ್ದು ಒಂದೇ ಮಾತು: "ಕಾಡು ಮೊದಲಿನಷ್ಟು ಕೆಂಪಾಗಿಲ್ಲ. ನೀವು ಕಂಪ್ಯೂಟರಿನಲ್ಲಿ ಬಣ್ಣ ತಿದ್ದುತ್ತಿದ್ದೀರಿ."

ಇನ್‌ಫ್ರಾರೆಡ್ ಬಣ್ಣದ ಫಿಲ್ಮಿನಲ್ಲಿ ಕಾಣುವ ಕೆಂಪು ಕಾಡಿನದ್ದಲ್ಲ ಎಂಬುದು ನಿಮಗೆ ಗೊತ್ತು. ಏರೋಕ್ರೋಮ್‌ನಂಥ ಫಿಲ್ಮಿನ ಮೂರು ಪದರಗಳಲ್ಲಿ ಒಂದು ಹಸಿರಿಗೆ, ಒಂದು ಕೆಂಪಿಗೆ, ಒಂದು ಇನ್‌ಫ್ರಾರೆಡ್‌ಗೆ ಸ್ಪಂದಿಸುತ್ತದೆ. ಮೂರೂ ನೀಲಿ ಬೆಳಕಿಗೂ ಸ್ಪಂದಿಸುವಂಥವು, ಅದನ್ನು ತಡೆಯಲೆಂದೇ ಲೆನ್ಸಿನ ಮುಂದೆ ಹಳದಿ ಫಿಲ್ಟರ್. ತೊಳೆದ ಫಿಲ್ಮಿನಲ್ಲಿ ನೆಲದ ಹಸಿರು ನೀಲಿಯಾಗಿ, ಕೆಂಪು ಹಸಿರಾಗಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕೆಂಪಾಗಿ ಮೂಡುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಬಗೆಯ ಫಿಲ್ಮನ್ನು ಬಳಕೆಗೆ ತಂದದ್ದೇ ಮರೆಮಾಚಿದ್ದನ್ನು ಬಯಲಿಗೆಳೆಯಲು. ಹಸಿರು ಬಳಿದ ಹೊದಿಕೆ ಬರಿಗಣ್ಣಿಗೆ ಗಿಡದಂತೆಯೇ ಕಾಣುತ್ತದೆ. ಆದರೆ ಜೀವಂತ ಎಲೆ ಇನ್‌ಫ್ರಾರೆಡ್ ಬೆಳಕನ್ನು ಬಲವಾಗಿ ಹಿಂದಕ್ಕೆ ಎಸೆಯುತ್ತದೆ, ಸಾಮಾನ್ಯ ಹಸಿರು ಬಣ್ಣ ಎಸೆಯುವುದಿಲ್ಲ. ಹಾಗಾಗಿ ಚಿತ್ರ ಓದುವವರಿಗೆ ಬೇಕಾದದ್ದು ಒಂದು ಕೆಂಪಿಗೂ ಅದರ ಪಕ್ಕದ ಕೆಂಪಿಗೂ ನಡುವಿನ ವ್ಯತ್ಯಾಸ. ಕೆಂಪು ಎಷ್ಟು ಕಣ್ಣು ಕುಕ್ಕುತ್ತದೆ ಎಂಬುದಲ್ಲ.

ಹಾಗಾದರೆ ನಿಮ್ಮ ಗೋಡೆಯ ಮೇಲಿದ್ದ ಆ ಗಾಢ ಕೆಂಪು ಎಲ್ಲಿಂದ ಬಂತು? ಅರ್ಧ ಫಿಲ್ಮಿನದು, ಇನ್ನರ್ಧ ಹಳೆಯ ಕಾಗದದ ಮಜೆಂಟಾ ಮತ್ತು ಹಳದಿ ಡೈಗಳದ್ದು. ನಮಗೂ ಅದು ಇಷ್ಟವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಮೂಲ ಫಿಲ್ಮನ್ನು ಬೆಳಕಿನ ಮೇಜಿನ ಮೇಲೆ ಹರಡಿ, ಹಳೆಯದನ್ನೂ ಹೊಸದನ್ನೂ ಅದರ ಪಕ್ಕದಲ್ಲಿಟ್ಟು ಅಳೆದಾಗ ಫಿಲ್ಮಿಗೆ ಹತ್ತಿರವಿದ್ದದ್ದು ಹೊಸದು. ಹಳೆಯ ಪ್ರಿಂಟಿನಲ್ಲಿ ಒಂದೇ ಮುದ್ದೆಯಾಗಿದ್ದ ದಟ್ಟ ಮರಗಳ ಗುಂಪಿನಲ್ಲಿ ಈಗ ಎರಡು ಛಾಯೆಗಳು ಬೇರೆಬೇರೆಯಾಗಿ ಕಾಣುತ್ತವೆ. ಬಣ್ಣ ತಿದ್ದುತ್ತಿದ್ದೀರಿ ಎಂದವರಿಗೆ ಒಂದು ವಿನಂತಿ: ಇನ್ನು ಮುಂದೆ ಪ್ರತಿ ಪ್ರಿಂಟಿನ ಅಂಚಿನಲ್ಲಿ ತಿಳಿಯಿಂದ ಗಾಢಕ್ಕೆ ಹಂತಹಂತವಾಗಿ ಸಾಗುವ ಬೂದು ಬಣ್ಣದ ಮೆಟ್ಟಿಲುಪಟ್ಟಿ ಇರುತ್ತದೆ, ಬಣ್ಣ ತಿದ್ದಿದರೆ ಆ ಬೂದೂ ಜಾರುತ್ತದೆ, ನೀವೇ ಅಳೆದು ನೋಡಿ. ಕ್ಯಾಮೆರಾದ ಗಡಿಯಾರ, ಎತ್ತರಮಾಪಕ, ಫ್ರೇಮ್ ಸಂಖ್ಯೆ ಇರುವ ಪಟ್ಟಿಯನ್ನು ನಾವು ಎಂದೂ ಕತ್ತರಿಸಿಲ್ಲ, ಈಗಲೂ ಕತ್ತರಿಸುವುದಿಲ್ಲ.

ಹೊಸದರಲ್ಲಿ ಕೊರತೆ ಇಲ್ಲವೆಂದಲ್ಲ. ಜೋಡಿ ಚಿತ್ರಗಳನ್ನು ಉಬ್ಬುತಗ್ಗಿನೊಂದಿಗೆ ತೋರಿಸುವ, ಕಡಿಮೆ ಹಿಗ್ಗಿಸುವ ಸ್ಟೀರಿಯೋಸ್ಕೋಪಿನಲ್ಲಿ ಶಾಯಿಯ ಚುಕ್ಕಿ ಕಾಣುವುದಿಲ್ಲ, ಆದರೆ ಹತ್ತು ಪಟ್ಟಿನ ಭೂತಗನ್ನಡಿ ಹಿಡಿದರೆ ಕಾಣುತ್ತದೆ. ರಾಸಾಯನಿಕ ಕಾಗದದಲ್ಲಿ ಈ ಗೊಡವೆ ಇರಲಿಲ್ಲ. ಅಷ್ಟು ಸೂಕ್ಷ್ಮವಾಗಿ ನೋಡುವವರು ಮೊದಲೇ ತಿಳಿಸಿದರೆ, ಬೇಕಾದ ಭಾಗವನ್ನಷ್ಟೇ ಎರಡು ಪಟ್ಟು ಹಿಗ್ಗಿಸಿ ಕೊಡುತ್ತೇವೆ. ಮುದ್ರಿಸಿದ ಒಂದು ದಿನದ ತನಕ ಶಾಯಿಯ ಬಣ್ಣ ಕುದುರುವುದಿಲ್ಲ, ಆದ್ದರಿಂದ "ಈಗಲೇ ಕೊಡಿ" ಎಂದವರಿಗೂ ಮರುದಿನವೇ ಸಿಗುವುದು.

ಪ್ರಯೋಗದ ಹೆಚ್ಚಿನ ಸಮಯವನ್ನು ತಿಂದದ್ದು ಬಣ್ಣವೇ ಅಲ್ಲ, ಅಳತೆ. 152 ಮಿ.ಮೀ. ಲೆನ್ಸಿನಿಂದ ನೆಲದಿಂದ 3,040 ಮೀಟರ್ ಎತ್ತರದಲ್ಲಿ ತೆಗೆದ ಚಿತ್ರದ ಪ್ರಮಾಣ 1:20,000. ಅದರ 23 ಸೆಂ.ಮೀ. ಅಗಲದ ಪ್ರಿಂಟು ಸಾವಿರಕ್ಕೆ ಒಂದು ಪಾಲು ಹಿಗ್ಗಿದರೆ ನೆಲದ ಮೇಲೆ 4.6 ಮೀಟರ್ ವ್ಯತ್ಯಾಸ. ಇಂಕ್‌ಜೆಟ್ ಯಂತ್ರದ ರೋಲರು ಹಾಳೆಯನ್ನು ಎಳೆಯುವ ದಿಕ್ಕಿನಲ್ಲಿ ಅಷ್ಟು ತಪ್ಪುವುದು ಬಲು ಸುಲಭ. ಫ್ರೇಮಿನ ಅಂಚಿನ ಗುರುತುಗಳ ನಡುವಿನ ದೂರವನ್ನು ಅಳೆದು, ತಿದ್ದಿ, ಮತ್ತೆ ಮುದ್ರಿಸಿ, ಮತ್ತೆ ಅಳೆದೆವು. ಈ ಕೆಲಸಕ್ಕೆ ಎಷ್ಟು ಹಾಳೆ ಹಾಳಾಯಿತು ಎಂದು ಯಾರೂ ಕೇಳಲಿಲ್ಲ. ಕೊನೆಗೆ ಆರಿಸಿದ್ದು ಪಾಲಿಯೆಸ್ಟರ್ ತಳದ ಹಾಳೆ, ಕಾಗದದ ಹಾಗೆ ತೇವಕ್ಕೆ ಹಿಗ್ಗುವುದಿಲ್ಲ. ಹಾಗೆಂದು ಪ್ರಿಂಟಿನ ಮೇಲೆ ಸ್ಕೇಲು ಇಟ್ಟು ಜಮೀನಿನ ಗಡಿ ತೀರ್ಮಾನಿಸಬೇಡಿ. ಈ ಮಾತನ್ನು ಹಿಂದೆಯೂ ಹೇಳುತ್ತಿದ್ದೆವು.

ದರದ ಬಗ್ಗೆ ಕೆಲವರು ಆಡಿದ ಮಾತು ಮನಸ್ಸಿಗೆ ನಾಟಿದೆ. ಯಂತ್ರದ ಸಾಲವನ್ನು ಗ್ರಾಹಕರ ತಲೆಗೆ ಕಟ್ಟುತ್ತಿದ್ದೇವಂತೆ. ತೊಟ್ಟಿಯ ಲೆಕ್ಕ ಕೇಳಿ. ಕಾಗದದ ಮೇಲೆ ಚಿತ್ರ ಮೂಡಿಸುವ ದ್ರಾವಣ, ಡೆವಲಪರ್, ಗಾಳಿಗೆ ಕೆಡುತ್ತದೆ. ದಿನವೂ ಸಾಕಷ್ಟು ಕಾಗದ ಓಡಿದರೆ ಮಾತ್ರ ಹೊಸ ದ್ರಾವಣ ಸೇರುತ್ತಾ ಅದು ಸರಿಯಾಗಿರುತ್ತದೆ. ಬೇಡಿಕೆ ಇಳಿದ ವಾರಗಳಲ್ಲಿ ಬೆರಳೆಣಿಕೆಯ ಪ್ರಿಂಟಿಗಾಗಿ ಇಡೀ ತೊಟ್ಟಿಯನ್ನು ಬಿಸಿಯಾಗಿಟ್ಟೆವು, ಕೆಟ್ಟಾಗ ಇಡೀ ತೊಟ್ಟಿಯನ್ನೇ ಬದಲಿಸಿದೆವು. ಉಷ್ಣತೆ ಅರ್ಧ ಡಿಗ್ರಿ ಆಚೀಚೆಯಾದರೂ ಬಣ್ಣ ಜಾರುತ್ತದೆ. ತೊಳೆಯುವ ನೀರು, ಬಳಸಿದ ದ್ರಾವಣದಿಂದ ಬೆಳ್ಳಿ ಬೇರ್ಪಡಿಸುವ ಖರ್ಚು ಬೇರೆ. ಇದಾವುದನ್ನೂ ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸಲಿಲ್ಲ. ತೋರಿಸದೇ ಇದ್ದದ್ದೇ ತಪ್ಪಾಯಿತೇನೋ.

ಇಂಕ್‌ಜೆಟ್ ಕೂಡ ಧರ್ಮಕ್ಕೆ ನಡೆಯುವುದಿಲ್ಲ. ಸುಮ್ಮನೆ ನಿಂತರೆ ಶಾಯಿ ಚಿಮ್ಮುವ ನಾಜಲ್ ಕಟ್ಟಿಕೊಳ್ಳುತ್ತದೆ, ಬಿಡಿಸಲು ಶಾಯಿಯೇ ಹರಿಯಬೇಕು. ಆದರೂ ಈ ವರ್ಷ ದರ ಏರಿಸುವುದಿಲ್ಲ ಎಂದು ನಾವೆಲ್ಲರೂ ಕೂತು ನಿರ್ಧರಿಸಿದ್ದೇವೆ. ಪ್ರಿಂಟು ತೆಗೆಯುವವರು ಬದಲಾಗಿಲ್ಲ. ತೊಟ್ಟಿಯ ಮುಂದೆ ನಿಂತು ನಿಮ್ಮ ಫ್ರೇಮುಗಳನ್ನು ನೋಡುತ್ತಿದ್ದ ಕಣ್ಣುಗಳೇ ಈಗ ಯಂತ್ರದ ಮುಂದಿವೆ. ಒಪ್ಪದ ಪ್ರಿಂಟು ಹೊರಗೆ ಹೋಗುವುದಿಲ್ಲ.

ಇನ್ನೂ ಅನುಮಾನವಿದ್ದವರು ಹಳೆಯ ಪ್ರಿಂಟು ತನ್ನಿ. ಅದೇ ಫ್ರೇಮನ್ನು ಹೊಸ ಯಂತ್ರದಲ್ಲಿ ಒಮ್ಮೆ ಉಚಿತವಾಗಿ ಮುದ್ರಿಸಿ ಫಿಲ್ಮಿನ ಪಕ್ಕದಲ್ಲಿಟ್ಟು ತೋರಿಸುತ್ತೇವೆ. ಕಿಟಕಿಯ ಎದುರು ವರ್ಷಗಟ್ಟಲೆ ತೂಗುಹಾಕಿದ್ದನ್ನು ಮಾತ್ರ ತರಬೇಡಿ, ಅದರ ಬಣ್ಣವನ್ನು ಬಿಸಿಲು ಆಗಲೇ ತಿದ್ದಿರುತ್ತದೆ. ಕವರಿನೊಳಗೆ, ಕತ್ತಲಲ್ಲಿ ಇಟ್ಟದ್ದನ್ನು ತನ್ನಿ.

ಇಂತಿ ನಿಮ್ಮ,
ಮುದ್ರಣ ಕೋಣೆಯವರು