ಮರುಭೂಮಿ ಸಫಾರಿ ಇನ್ನು ಮೂರನೇ ದಿನ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯರೆ, ನಮಸ್ಕಾರ.

ನಮ್ಮ ದುಬೈ ಪ್ರವಾಸದ ಸಂಜೆ ಸಫಾರಿಯಲ್ಲಿ ಈ ಸೀಸನ್ನಿನಿಂದ ಎರಡು ಬದಲಾವಣೆ ಮಾಡಿದ್ದೇವೆ. ಸಫಾರಿ ಇನ್ನು ಮೊದಲ ದಿನ ಇರುವುದಿಲ್ಲ, ಮೂರನೇ ದಿನ ಇರುತ್ತದೆ. ಮರಳ ದಿಬ್ಬಗಳ ಮೇಲೆ ಜೀಪು ಹಾರಿಸುವ ಆಟಕ್ಕೆ ಎಲ್ಲರನ್ನೂ ಹತ್ತಿಸುವುದಿಲ್ಲ, ಬೇಕು ಅಂದವರನ್ನು ಮಾತ್ರ. ಈಗಾಗಲೇ ಮುಂಗಡ ಕೊಟ್ಟವರಿಗೂ ಇದೇ ವ್ಯವಸ್ಥೆ.

ಯಾಕೆ ಅಂತ ಹೇಳಬೇಕಲ್ವಾ? ಹೋದ ವರ್ಷದ ಒಂದು ತಂಡದ ಕತೆ ಕೇಳಿ. ಸಂಜೆ ಕುಮಟಾದಿಂದ ಹೊರಟು ಮಂಗಳೂರಿಗೆ ನಾಲ್ಕೈದು ತಾಸು ವ್ಯಾನು. ರಾತ್ರಿ ವಿಮಾನ. ಬೆಳಗಿನ ಜಾವ ದುಬೈ. ಹೋಟೆಲಿನ ರೂಮು ಸಿಗುವುದು ಮಧ್ಯಾಹ್ನವೇ ಆದ್ದರಿಂದ ಎಲ್ಲರೂ ಕೆಳಗಿನ ಸೋಫಾಗಳಲ್ಲಿ ಕೂತು ತೂಕಡಿಸಿದರು. ಎರಡು ಗಂಟೆಗೆ ಹೊಟ್ಟೆ ತುಂಬ ಊಟ, ಮೂರಕ್ಕೆ ಜೀಪು. ಒಂದು ದಿನವೂ ದಂಡವಾಗದ ಹಾಗೆ ಹೊಂದಿಸಿದ್ದೇವೆ ಅಂತ ನಾವು ಬೀಗುತ್ತಿದ್ದೆವು.

ನಾಲ್ಕನೇ ದಿಬ್ಬ ಇಳಿಯುವಷ್ಟರಲ್ಲಿ ಹಿಂದಿನ ಸೀಟಿನ ಮೂವರಿಗೆ ವಾಂತಿ. ಸೊಂಟ ನೋವಿನ ಹಿರಿಯರೊಬ್ಬರು "ನಿಲ್ಸೋ ಮಾರಾಯಾ" ಅಂತ ಕೂಗಿಕೊಂಡರು. ಚಾಲಕನಿಗೆ ಕನ್ನಡ ಬಾರದು. ಖುಷಿಗೆ ಕೂಗುತ್ತಿದ್ದಾರೆ ಅಂದುಕೊಂಡು ಇನ್ನೊಂದು ದಿಬ್ಬ ಹತ್ತಿಸಿದ. ಆತನ ತಪ್ಪೇನಿಲ್ಲ. 'ಮರಳಿನಲ್ಲಿ ಜೀಪ್ ಸವಾರಿ' ಅಂತ ಸುಮ್ನೆ ಒಂದು ಸಾಲು ಬರೆದು ಕೈಬಿಟ್ಟವರು ನಾವು. ಆ ಹಿರಿಯರ ಮನೆಗೇ ಹೋಗಿ ಕ್ಷಮೆ ಕೇಳಿದ್ದೇವೆ. ಇಲ್ಲೂ ಕೇಳುತ್ತಿದ್ದೇವೆ.

ಆದ್ದರಿಂದ ಈ ಸಲ ಬಿಡಿಸಿಯೇ ಬರೆಯುತ್ತೇವೆ. ಅಲ್ಲಿನವರು ಇದನ್ನು ಡ್ಯೂನ್ ಬ್ಯಾಶಿಂಗ್ ಅನ್ನುತ್ತಾರೆ. ದುಬೈ ಪೇಟೆಯಿಂದ ಮುಕ್ಕಾಲು ತಾಸಿನಿಂದ ಒಂದು ತಾಸು ದೂರದಲ್ಲಿ, ಹತ್ತಾ ಎಂಬ ಊರಿನ ಕಡೆಯ ರಸ್ತೆಯಲ್ಲಿ, ಲಹಬಾಬ್ ಎಂಬ ಜಾಗವಿದೆ. ಮರಳಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ದಿಬ್ಬಗಳು ಕೆಂಪು. ಮರಳಿಗೆ ಇಳಿಯುವ ಮೊದಲು ಚಾಲಕರು ಗಾಡಿ ನಿಲ್ಲಿಸಿ, ಟೈರಿನ ಗಾಳಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತಾರೆ. ಪಂಕ್ಚರ್ ಆಯ್ತು ಅಂತ ಗಾಬರಿ ಬೇಡ. ನಮ್ಮ ಕಡಲ ದಂಡೆಯ ಒದ್ದೆ ಹೊಯ್ಗೆ ಕಾಲಿಟ್ಟರೆ ಗಟ್ಟಿ ನಿಲ್ಲುತ್ತದೆ. ಅಲ್ಲಿನದು ಒಣ ಮರಳು, ಹಿಟ್ಟಿನಷ್ಟು ನುಣುಪು, ಜಾರುತ್ತಲೇ ಇರುತ್ತದೆ. ಗಾಳಿ ಕಡಿಮೆಯಾದರೆ ಟೈರು ಅಗಲವಾಗಿ ಕೂರುತ್ತದೆ, ಹೂತುಕೊಳ್ಳುವುದಿಲ್ಲ. ಆಮೇಲೆ ಅರ್ಧ ತಾಸು ಏರುವುದು, ನೆತ್ತಿಯಲ್ಲಿ ಓರೆಯಾಗುವುದು, ಇಳಿಜಾರಿನಲ್ಲಿ ಅಡ್ಡಡ್ಡ ಜಾರುವುದು. ದೇವಿಮನೆ ಘಟ್ಟದಲ್ಲೇ ನಿಂಬೆಹಣ್ಣು ಮೂಸುತ್ತಾ ಕೂರುವವರು ಇದನ್ನು ಹತ್ತಲೇಬೇಡಿ. ಬಸುರಿಯರು, ಬೆನ್ನು-ಕುತ್ತಿಗೆ ನೋವಿನವರು, ಹೃದಯದ ತೊಂದರೆ ಇರುವವರು ಎಷ್ಟೇ ಆಸೆಪಟ್ಟರೂ ನಾವು ಹತ್ತಿಸುವುದಿಲ್ಲ. ಹುಡುಗರು ಮಾತ್ರ ಇಳಿದ ಕೂಡಲೇ ಇನ್ನೊಂದು ಸುತ್ತು ಕೇಳುತ್ತಾರೆ!

ಬೇಡ ಅಂದವರಿಗೆ ಸಂಜೆ ತಪ್ಪಿಹೋಗುವುದಿಲ್ಲ. ಅವರ ಗಾಡಿ ದಿಬ್ಬ ಹಾರದೆ ಸಮತಟ್ಟು ದಾರಿಯಲ್ಲೇ ಶಿಬಿರಕ್ಕೆ ಹೋಗುತ್ತದೆ. ದರ ಇಬ್ಬರಿಗೂ ಒಂದೇ. "ಹಾರದಿದ್ದರೆ ಕಡಿಮೆ ಮಾಡಿ" ಅಂತ ಕೆಲವರು ಕೇಳಿದ್ದಾರೆ. ಗಾಡಿ, ಚಾಲಕ, ಊಟ ಎಲ್ಲ ಅಷ್ಟೇ ಬೇಕಲ್ಲ, ಇಳಿಸಲು ಬರುವುದಿಲ್ಲ. ಮೂರನೆಯ ಆಯ್ಕೆಯೂ ಒಂದಿದೆ. ಅದರ ದರ ಜಾಸ್ತಿ, ಬುಕ್ ಮಾಡುವ ದಿನದ ದಿರ್ಹಂ ಲೆಕ್ಕದಲ್ಲಿ ಹೇಳುತ್ತೇವೆ. 225 ಚದರ ಕಿಲೋಮೀಟರಿನ ದುಬೈ ಮರುಭೂಮಿ ಸಂರಕ್ಷಿತ ಪ್ರದೇಶದೊಳಗೆ ನಿಧಾನವಾಗಿ ಸುತ್ತುವುದು. ಅಲ್ಲಿ ಅರೇಬಿಯನ್ ಓರಿಕ್ಸ್ ಕಾಣುತ್ತವೆ, ನೀಳ ಕೋಡಿನ ಬಿಳಿ ಜಿಂಕೆಯಂಥ ಪ್ರಾಣಿ. 1972ರ ಹೊತ್ತಿಗೆ ಕಾಡಿನಲ್ಲಿ ಇವು ಒಂದೂ ಉಳಿದಿರಲಿಲ್ಲ. ಸಾಕಿ ಬೆಳೆಸಿದ ಹಿಂಡುಗಳಿಂದ ಮತ್ತೆ ಮರಳಿಗೆ ಬಿಟ್ಟಿದ್ದು. ನಮ್ಮನ್ನು ಕೇಳಿದರೆ, ದುಡ್ಡು ಹೊಂದುವವರಿಗೆ ಇದೇ ಒಳ್ಳೆಯದು.

ಹೊರಡುವ ಹೊತ್ತು ಸೂರ್ಯನನ್ನು ನೋಡಿ ಬದಲಾಗುತ್ತದೆ. ಡಿಸೆಂಬರಿನಲ್ಲಿ ಅಲ್ಲಿ ಐದೂವರೆಗೆಲ್ಲ ಮುಳುಗಿಬಿಡುತ್ತದೆ. ಹಾಗಾಗಿ ಎರಡೂವರೆಗೆ ಹೋಟೆಲಿನ ಬಾಗಿಲಲ್ಲಿ ನಿಂತಿರಬೇಕು. ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ, ತಿರುಗಿಸಿಕೊಳ್ಳಲು ಮರೆಯಬೇಡಿ. ಆ ದಿನದ ಮಧ್ಯಾಹ್ನದ ಊಟ ಇನ್ನು ಹನ್ನೆರಡಕ್ಕೇ, ಅದೂ ಹಗುರ. ಸೂರ್ಯ ಮುಳುಗಿದ ಮೇಲೆ ಮರಳು ಬೇಗ ತಣ್ಣಗಾಗುತ್ತದೆ. ಚಳಿಗಾಲದಲ್ಲಿ ಶಾಲು ಬೇಕೇ ಬೇಕು.

ಶಿಬಿರದಲ್ಲಿ ಒಂಟೆ ಸವಾರಿ ಐದು ನಿಮಿಷದ್ದು. ಒಂಟೆ ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಮೈ ಹಿಂದಕ್ಕೆ ವಾಲಿಸಿ, ಹಿಡಿ ಬಿಗಿಯಾಗಿ ಹಿಡಿಯಿರಿ. ಮೆಹಂದಿ, ಗಿರಗಿರ ತಿರುಗುವ ತನೂರಾ ಕುಣಿತ, ಕೆಂಡದ ಮೇಲೆ ಸುಟ್ಟ ಕೋಳಿ-ಕುರಿ ಎಲ್ಲ ಇರುತ್ತದೆ. ರಂಜಾನ್ ತಿಂಗಳಲ್ಲಿ ಹಾಡು-ಕುಣಿತ ಕಡಿಮೆ. ಸಸ್ಯಾಹಾರಿಗಳ ಊಟ ಬೇರೆ ಮೇಜಿನಲ್ಲಿ. ಈರುಳ್ಳಿ-ಬೆಳ್ಳುಳ್ಳಿಯೂ ಬೇಡ ಅನ್ನುವ ಶಿರಸಿ-ಸಿದ್ದಾಪುರದ ಕಡೆಯವರಿಗೆ ಅಲ್ಲಿ ರೊಟ್ಟಿ, ಸಲಾಡು, ಹಣ್ಣು ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಅವರಿಗೆ ಹೋಟೆಲಿಗೆ ಮರಳಿದ ಮೇಲೆ ಮೊಸರನ್ನದ ವ್ಯವಸ್ಥೆ ಮಾಡುತ್ತೇವೆ.

ಸಾಮಾನಿನ ಬಗ್ಗೆ ಒಂದೇ ಮಾತು. ಕವಳದ ಸಂಚಿ ಮನೆಯಲ್ಲೇ ಇರಲಿ. ಎಲೆ-ಅಡಿಕೆಯನ್ನು ದುಬೈಗೆ ಒಯ್ಯುವಂತಿಲ್ಲ. ಗಸಗಸೆ ಹಾಕಿದ ಉಂಡೆಯನ್ನೂ ಕಟ್ಟಬೇಡಿ, ಅದೂ ಅಲ್ಲಿ ನಿಷಿದ್ಧ. ಅಡಿಕೆ ಬೆಳೆಯುವವರಿಗೇ ಅಡಿಕೆ ಬಿಡಿ ಅನ್ನಲು ನಮಗೂ ಸಂಕೋಚ, ಏನು ಮಾಡುವುದು!

ಈ ಪತ್ರದ ಜೊತೆ ಒಂದು ಚೀಟಿ ಇದೆ. ದಿಬ್ಬ ಹಾರುವ ಜೀಪೋ, ನೇರ ಶಿಬಿರವೋ, ಓರಿಕ್ಸೋ ಎಂದು ಮನೆಯ ಪ್ರತಿಯೊಬ್ಬರ ಹೆಸರಿನ ಮುಂದೆ ಗುರುತು ಹಾಕಿ. ಮಾತ್ರೆ ತೆಗೆದುಕೊಳ್ಳುವವರು ಅದನ್ನೂ ಬರೆಯಿರಿ. ಹೊರಡುವ ಹದಿನೈದು ದಿನ ಮೊದಲು ಚೀಟಿ ನಮ್ಮ ಕೈ ಸೇರಲಿ. ಗುರುತು ಹಾಕದವರನ್ನು ನೇರ ಶಿಬಿರದ ಗಾಡಿಗೆ ಹತ್ತಿಸುತ್ತೇವೆ.

ಇಂತಿ ನಿಮ್ಮ,
ಪ್ರವಾಸ ಕಚೇರಿಯವರು, ಕುಮಟಾ